ಗೇಟಿಗೆ ಬ್ಯಾಂಕಿನ ಕಾಗದ ಹಚ್ಚಿದ್ದಾರೆಯೇ? 45 ದಿನ ಎಣಿಸಿ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲೊಂದರ ಮಾಲೀಕರು ಫೋನ್ ಮಾಡಿದ್ದರು. ಗೇಟಿಗೆ ಬ್ಯಾಂಕಿನವರು ಸ್ವಾಧೀನದ ನೋಟಿಸ್ ಹಚ್ಚಿ ಹೋಗಿದ್ದಾರಂತೆ. ‘ಕಿತ್ತಿ ಒಗದ್ರ ನಡೀತದೇನ್ರಿ ವಕೀಲ್ರ?’ ಕೀಳಬೇಡಿ, ತಾರೀಕು ಕಾಣುವಂತೆ ಫೋಟೊ ತೆಗೆದು ಕಳಿಸಿ ಎಂದೆ.

ಈ ಕಾಗದಕ್ಕೂ ಮೊದಲು ಇನ್ನೊಂದು ಬಂದಿರುತ್ತದೆ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಗ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಪಡಿಸಿಕೊಂಡು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನಡಿ 60 ದಿನಗಳ ನೋಟಿಸ್ ಕೊಡುತ್ತಾರೆ. ಬಹಳ ಮಂದಿ ಅದನ್ನು ತಿಜೋರಿಯಲ್ಲಿ ಮಡಿಚಿಟ್ಟು ಮರೆಯುತ್ತಾರೆ. ಅಲ್ಲೇ ಕೆಡುವುದು. ಕಟ್ಟಿದ ಕಂತು ಜಮಾ ಆಗಿಲ್ಲ, ಬಡ್ಡಿ ಲೆಕ್ಕ ತಪ್ಪಿದೆ ಎಂಬ ತಕರಾರು ಇದ್ದರೆ ಬರೆದು ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ರಸೀದಿ ಇಟ್ಟುಕೊಳ್ಳಿ. ಬ್ಯಾಂಕು 15 ದಿನದೊಳಗೆ ಉತ್ತರಿಸಲೇಬೇಕು. ಈ ಹಂತದಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಬರುವುದಿಲ್ಲ. ಆದರೆ ಮುಂದೆ ಅಲ್ಲಿ ನಿಮ್ಮ ಕೈ ಹಿಡಿಯುವುದು ಇದೇ ತಕರಾರು ಅರ್ಜಿ.

ಅಡವಿಟ್ಟದ್ದು ಕೃಷಿ ಜಮೀನೇ? ಹಾಗಿದ್ದರೆ 31ನೇ ಕಲಮು ಅದನ್ನು ಈ ಕಾಯ್ದೆಯಿಂದ ಹೊರಗಿಟ್ಟಿದೆ. ಪಹಣಿಯಲ್ಲಿ ತೊಗರಿ ಎಂದು ಬರೆದಿದ್ದರಷ್ಟೇ ಸಾಲದು, ನೆಲದಲ್ಲಿ ನಿಜಕ್ಕೂ ಬೇಸಾಯ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಮಾಲೀಕರೂ ಪಹಣಿ ತೋರಿಸಿದರು. ಆ ಸರ್ವೆ ನಂಬರಿನಲ್ಲಿ ಇದ್ದದ್ದು ಬೇಳೆ ಒಣಗಿಸುವ ಸಿಮೆಂಟ್ ಕಣ!

ಇನ್ನು ಗೇಟಿನ ನೋಟಿಸ್. ಸ್ವಾಧೀನಕ್ಕೆ ಪಡೆದ ದಿನದಿಂದ 45 ದಿನದೊಳಗೆ 17ನೇ ಕಲಮಿನಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಬೀಗ ಜಡಿಯುವವರೆಗೆ ಕಾಯಬೇಕಿಲ್ಲ. ನೋಟಿಸ್ ಹಚ್ಚಿ ಕಾಗದದ ಮೇಲಷ್ಟೇ ಪಡೆಯುವ ಸಾಂಕೇತಿಕ ಸ್ವಾಧೀನವೇ ಸಾಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮಂಡಳಿ ಇರುವುದು ಬೆಂಗಳೂರಿನಲ್ಲಿ. ಇಲ್ಲಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರೆ 34ನೇ ಕಲಮು ಅಡ್ಡ ಬರುತ್ತದೆ. ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆಯಲ್ಲ ಎನ್ನುವವರಿದ್ದಾರೆ. ರಿಟ್ ಹಾಕಿದರೆ ‘ಮೊದಲು ಮಂಡಳಿಗೆ ಹೋಗಿ’ ಎನ್ನುವುದೇ ಹೆಚ್ಚು. ಅಷ್ಟರಲ್ಲಿ ದಿನ ಕಳೆದಿರುತ್ತವೆ.

ಅರ್ಜಿ ಹಾಕಿದ ಮಾತ್ರಕ್ಕೆ ಬ್ಯಾಂಕು ಮಾಡುವ ಆಸ್ತಿ ಹರಾಜು ನಿಲ್ಲದು. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು. ಒಂದಷ್ಟು ಹಣ ಕಟ್ಟಿ ಎಂಬ ಷರತ್ತು ಬಂದರೆ ಅಚ್ಚರಿಪಡಬೇಡಿ. ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ದಿನದವರೆಗೂ ಇದೆ ಎಂದು ನಂಬಿ ಕೂರಬೇಡಿ. 2016ರ ತಿದ್ದುಪಡಿಯ ನಂತರ ಹರಾಜು ಪ್ರಕಟಣೆ ಹೊರಬಿದ್ದ ಕೂಡಲೇ ಅದು ಮುಗಿಯಿತು.

ಮಾಲೀಕರ ಫೋಟೊ ಬಂತು. ತೊಗರಿ ಖರೀದಿಗೆಂದು ಸೊಲ್ಲಾಪುರದಲ್ಲಿದ್ದವರು ಗೇಟು ನೋಡಿದ್ದು ತಡವಾಗಿ. ಕಾಗದದ ತಾರೀಕಿನಿಂದ 31 ದಿನ ಸಂದಿದ್ದವು. ಅಂದೇ ರಾತ್ರಿ ಸಾಲದ ಸ್ಟೇಟ್‌ಮೆಂಟ್, ಎರಡೂ ನೋಟಿಸು, ಅಂಚೆ ರಸೀದಿ ಕೈಚೀಲಕ್ಕೆ ತುಂಬಿಕೊಂಡು ಬೆಂಗಳೂರಿಗೆ ಹಾಸನ ಎಕ್ಸ್‌ಪ್ರೆಸ್ ಹತ್ತಿದರು.