ಫೋಂಡಾದ ನಡುಮನೆಗೆ ತೇಪೆ ಹಾಕಿದ್ದು

ಗೋವಾದ ಫೋಂಡಾದ ನಮ್ಮ ಹಳೆಯ ಮನೆಯ ನಡುಮನೆಗೆ ಇಂದಿಗೂ ಮಣ್ಣಿನ ನೆಲ. ನಾಲ್ಕು ವರ್ಷಗಳ ಹಿಂದೆ ಅದಕ್ಕೆ ಅಗಸೆ ಎಣ್ಣೆ ಕುಡಿಸಿದವಳು ನಾನೇ. ಕಳೆದ ಮಳೆಗಾಲದಲ್ಲಿ ಹಂಚು ಸರಿದು, ನೀರು ತೊಟ್ಟಿಕ್ಕಿ, ಬಾಗಿಲ ಬಳಿ ಮೊರದಗಲ ನೆಲ ಕಿತ್ತುಬಂತು. ಸಿಮೆಂಟು ಬಳಿಯಿರಿ ಎಂದವರೇ ಹೆಚ್ಚು. ನನಗೆ ಮನಸ್ಸಾಗಲಿಲ್ಲ. ಸವದತ್ತಿಯಲ್ಲಿ ಅವ್ವ ಸೆಗಣಿ ಸಾರಿಸುತ್ತಿದ್ದ ನೆಲದ ಮೇಲೆ ಬೆಳೆದವಳು ನಾನು. ಆದರೆ ಎಣ್ಣೆ ಕುಡಿದ ನೆಲಕ್ಕೆ ಸೆಗಣಿಯೂ ಹಿಡಿಯುವುದಿಲ್ಲ.

ಮೊದಲ ತೇಪೆ ಕೆಟ್ಟಿತು. ಅಂಗಳದ ಕೆಂಪು ಮಣ್ಣನ್ನು ಹಾಗೆಯೇ ಕಲಸಿ ತುಂಬಿದ್ದೆ. ಮೂರನೆಯ ದಿನ ಅಂಚಿನುದ್ದಕ್ಕೂ ಕೂದಲೆಳೆಯ ಬಿರುಕು. ಅದೇ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿಟ್ಟೆ. ಮರಳು ನಿಮಿಷದೊಳಗೆ ತಳ ಹಿಡಿಯಿತು, ನೀರು ಮಾತ್ರ ಮರುದಿನವೂ ಕೆಂಪಾಗಿಯೇ ಇತ್ತು. ಅಷ್ಟು ಜೇಡಿ! ಜೇಡಿ ಒಣಗಿದಂತೆ ಕುಗ್ಗುತ್ತದೆ.

ಪಕ್ಕದ ಓಣಿಯ ಗದಗ ಕಡೆಯ ಗೌಂಡಿಯೊಬ್ಬರ ಮಾತು ಕೇಳಿ, ಹಲಗೆಯ ಮೇಲೆ ಬೇರೆ ಬೇರೆ ಹದದ ಬಿಲ್ಲೆ ತಟ್ಟಿ ಒಣಗಿಸಿದೆ. ಮಣ್ಣು ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು, ಜೊತೆಗೆ ಸಣ್ಣಗೆ ಕತ್ತರಿಸಿದ ಹುಲ್ಲು: ಆ ಬಿಲ್ಲೆ ಒಂದೇ ಬಿರಿಯಲಿಲ್ಲ. ಗುಂಡಿಯ ಅಂಚನ್ನು ಉಳಿಯಿಂದ ಒಳಗೆ ಅಗಲ, ಮೇಲೆ ಕಿರಿದಾಗಿ ಕೊರೆದೆ. ದೂಳು ಗುಡಿಸಿ ಮೂರು ಸಲ ನೀರು ಚಿಮುಕಿಸಿ, ಎರಡು ಪದರಗಳಲ್ಲಿ ಅದುಮಿ ತುಂಬಿದೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳದ ಹೊತ್ತಿಗೆ ಉಕ್ಕಿನ ಕರಣೆ ಹಿಡಿದೆ. ಮೊದಲು ಕರಕರ, ಆಮೇಲೆ ರೇಷ್ಮೆ ಎಳೆದಂಥ ಸದ್ದು. ಅಲ್ಲಿಗೇ ಕೈ ನಿಲ್ಲಿಸಬೇಕು.

ಒಣಗಲು ಮೂರು ವಾರ ಬಿಟ್ಟೆ. ರಾತ್ರಿ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟು, ಬೆಳಿಗ್ಗೆ ಅದರಡಿ ಬೆವರು ಕಾಣದಿದ್ದಾಗಲೇ ಎಣ್ಣೆಯ ಡಬ್ಬಿ ತೆರೆದದ್ದು. ಸುತ್ತಲಿನ ಹಳೆಯ ನೆಲವನ್ನೂ ಮರಳುಕಾಗದದಿಂದ ಉಜ್ಜಿದೆ. ಮೊದಲ ಸಲ ಬೆಚ್ಚಗಿನ ಎಣ್ಣೆ, ಮುಂದಿನ ಸಲಗಳಲ್ಲಿ ಅದನ್ನು ತೆಳುವಾಗಿಸುವ ಟರ್ಪೆಂಟೈನ್ ಬೆರೆಸಿ, ಅದರ ಪಾಲು ಹೆಚ್ಚಿಸುತ್ತಾ ಹೋದೆ. ನೆಲ ಹೀರದೆ ಉಳಿದದ್ದನ್ನು ಪ್ರತಿ ಸಲವೂ ಒರೆಸಿ ತೆಗೆದೆ, ಇಲ್ಲವಾದರೆ ಅಂಟಂಟಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಲೇಬೇಡಿ, ತಾನಾಗಿ ಬೆಂಕಿ ಹಿಡಿಯಬಹುದು. ನಾನು ನೀರಲ್ಲಿ ನೆನೆಸಿ ಅಂಗಳದಲ್ಲಿ ಹರಡುತ್ತೇನೆ.

ತೇಪೆಯ ಬಣ್ಣ ಈಗಲೂ ಒಂದು ಛಾಯೆ ಗಾಢ. ಉಳಿದ ಮಿಶ್ರಣವನ್ನು ಒಣಗಿಸಿ ಡಬ್ಬಿಗೆ ತುಂಬಿ, ಮೇಲೆ 1:3 ಎಂದು ಬರೆದು ಅಟ್ಟದಲ್ಲಿ ಇಟ್ಟಿದ್ದೇನೆ.