ಮೆದುಳಿನ ಬಗ್ಗೆ ‘ಗೊತ್ತಿರುವ’ವರಿಗೆ ಪಾಠ ಮಾಡುವುದು: ನನ್ನ ಅನುಭವ

ಮನಃಶಾಸ್ತ್ರವನ್ನು ಹೊಸದಾಗಿ ಓದಲು ಬರುವವರಿಗೆ ಪಾಠ ಮಾಡುವುದು ನನ್ನ ಕೆಲಸ. ರಸಾಯನಶಾಸ್ತ್ರದ ತರಗತಿಗೆ ಬರುವವರು ಬೆಂಜೀನ್ ಬಗ್ಗೆ ಅಭಿಪ್ರಾಯ ಇಟ್ಟುಕೊಂಡು ಬರುವುದಿಲ್ಲ. ನಮ್ಮಲ್ಲಿ ಹಾಗಲ್ಲ, ಮೆದುಳಿನ ಬಗ್ಗೆ ಎಲ್ಲರಿಗೂ ಏನೋ ಒಂದು ಗೊತ್ತಿರುತ್ತದೆ. ‘ನಾವು ಬಳಸುವುದು ಮೆದುಳಿನ ಶೇ 10ರಷ್ಟನ್ನು ಮಾತ್ರ.’ ‘ನಾನು ಬಲ ಮೆದುಳಿನವಳು, ಲೆಕ್ಕಕ್ಕಿಂತ ಕಲ್ಪನೆ ಜಾಸ್ತಿ.’ ‘ನನಗೆ ಕಣ್ಣಲ್ಲಿ ನೋಡಿದರೆ ಮಾತ್ರ ತಲೆಗೆ ಹೋಗುತ್ತದೆ.’

‘ಇವೆಲ್ಲ ತಪ್ಪು’ ಅಂತ ಪಟ್ಟಿ ಮಾಡಿ ಓದಿಬಿಡಬಹುದು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮತ್ತೆ ಹಳೆಯದನ್ನೇ ನಂಬುತ್ತಾರೆ. ಅದಕ್ಕೆ ನಾನು ಶುರು ಮಾಡುವುದು ನೆನಪಿನಿಂದ.

ಪುಸ್ತಕ ಮುಚ್ಚಿಸಿ ನಿಧಾನವಾಗಿ ಪದಗಳನ್ನು ಓದುತ್ತೇನೆ. ಹಾಸಿಗೆ, ಕನಸು, ಗೊರಕೆ, ದಿಂಬು, ಆಕಳಿಕೆ, ಜೋಗುಳ, ಮಂಪರು, ಎಚ್ಚರ, ಕಂಬಳಿ, ರಾತ್ರಿ, ಸುಸ್ತು, ವಿಶ್ರಾಂತಿ. ಸ್ವಲ್ಪ ಹೊತ್ತು ಯಾವುದೋ ಲೆಕ್ಕ ಮಾಡಿಸುತ್ತೇನೆ. ಆಮೇಲೆ ನೆನಪಿದ್ದಷ್ಟನ್ನು ಬರೆಯಲು ಹೇಳುತ್ತೇನೆ. ‘ನಿದ್ದೆ ಅಂತ ಬರೆದವರು ಯಾರು?’ ಅಂದರೆ ತುಂಬಾ ಕೈಗಳು ಮೇಲೇಳುತ್ತವೆ. ಆ ಪದವನ್ನು ನಾನು ಓದಿಯೇ ಇರುವುದಿಲ್ಲ. ಪಟ್ಟಿ ತೋರಿಸಿದರೂ ಕೆಲವರು ಒಪ್ಪುವುದಿಲ್ಲ. ‘ಇಲ್ಲ ಮೇಡಂ, ನೀವು ಹೇಳಿದ್ರಿ, ನಾನು ಕೇಳಿಸಿಕೊಂಡೆ’ ಅಂತಾರೆ.

ಇದು 1959ರಲ್ಲಿ ಮನಃಶಾಸ್ತ್ರಜ್ಞ ಜೇಮ್ಸ್ ಡೀಸ್ ಮಾಡಿದ ಪ್ರಯೋಗ. 1995ರಲ್ಲಿ ರೋಡಿಗರ್ ಮತ್ತು ಮೆಕ್‌ಡರ್ಮಟ್ ಇದನ್ನು ಮತ್ತೆ ಕೈಗೆತ್ತಿಕೊಂಡರು. ಮಾಡಿ ನೋಡುವ ಮೇಷ್ಟ್ರುಗಳಿಗೆ ಒಂದು ಮಾತು: ನಿದ್ದೆಗೆ ಹತ್ತಿರದ ಪದಗಳನ್ನು ಮೊದಲು ಓದಿ. ಆಮೇಲೆ ‘ನಿದ್ದೆ’ ಬರೆದವರನ್ನು ಆಡಿಕೊಳ್ಳಬೇಡಿ. ಮೆದುಳು ತನ್ನ ಕೆಲಸವನ್ನೇ ಮಾಡಿದೆ ಅಲ್ವಾ? ಅದು ಒಂದೊಂದು ಸದ್ದನ್ನೂ ದಾಖಲಿಸಿಕೊಂಡು ಕೂರುವುದಿಲ್ಲ. ಅರ್ಥವನ್ನು ಹಿಡಿದಿಟ್ಟುಕೊಂಡು, ಬೇಕಾದಾಗ ಉಳಿದದ್ದನ್ನು ಕಟ್ಟಿಕೊಳ್ಳುತ್ತದೆ. ‘ನೆನಪು ವಿಡಿಯೋ ಇದ್ದ ಹಾಗೆ’ ಎಂಬ ನಂಬಿಕೆ ಅಲ್ಲೇ ಸಡಿಲವಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ‘ನನಗೆ ಖಚಿತವಾಗಿ ಗೊತ್ತು’ ಅನ್ನಿಸುವುದೇ ಸಾಕ್ಷಿಯಲ್ಲ ಎಂಬುದು ಅವರಿಗೆ ತಮ್ಮ ತಲೆಯಿಂದಲೇ ತಿಳಿದಿರುತ್ತದೆ. ಮುಂದಿನ ಪಾಠಗಳೆಲ್ಲ ನಿಲ್ಲುವುದು ಇದರ ಮೇಲೆಯೇ.

ಶೇ 10ರ ಮಾತಿಗೆ ನಾನು ಉತ್ತರ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತೇನೆ. ಉಳಿದ ಶೇ 90 ಸುಮ್ನೆ ಇದೆ ಅಂದರೆ ಅಲ್ಲಿ ಪೆಟ್ಟು ಬಿದ್ದರೆ ಏನಾಗಬೇಕು? ಏನೂ ಆಗಬಾರದು. ಆದರೆ 1861ರಲ್ಲಿ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ವರದಿ ಮಾಡಿದ ರೋಗಿ ‘ಟಾನ್’ ಎಂಬ ಒಂದು ಸದ್ದನ್ನು ಬಿಟ್ಟರೆ ಹೆಚ್ಚೇನೂ ಮಾತಾಡಲಾರದವನಾಗಿದ್ದ. ಅವನಿಗೆ ಹಾನಿಯಾಗಿದ್ದದ್ದು ಮೆದುಳಿನ ಎಡ ಮುಂಭಾಗದಲ್ಲಿ. ಇನ್ನೊಂದು ಪ್ರಶ್ನೆ: ಮೆದುಳಿನ ತೂಕ ದೇಹದ ತೂಕದ ಶೇ 2ರಷ್ಟು. ನಾವು ಆರಾಮವಾಗಿ ಕೂತಿರುವಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಹೋಗುತ್ತದೆ. ಕೆಲಸವಿಲ್ಲದ ಅಂಗವನ್ನು ದೇಹ ಇಷ್ಟು ಖರ್ಚು ಮಾಡಿ ಸಾಕುತ್ತದೆಯೇ? ಯಾರಾದರೂ ಒಬ್ಬರು ‘ಹಾಗಾದರೆ ಎಲ್ಲಾ ನರಕೋಶಗಳೂ ಒಟ್ಟಿಗೇ ಕೆಲಸ ಮಾಡುತ್ತವಾ?’ ಅಂತ ಕೇಳೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇಲ್ಲ. ನರಕೋಶಗಳು ಮಿತಿಮೀರಿ, ಒಟ್ಟೊಟ್ಟಿಗೆ ಸಿಡಿಯತೊಡಗಿದರೆ ಅದು ಫಿಟ್ಸ್.

ಶೇ 10ರ ಮಾತಿಗಿಂತ ಎಡ-ಬಲ ಮೆದುಳಿನ ವಿಚಾರದಲ್ಲಿ ನಿಜದ ಪಾಲು ಜಾಸ್ತಿ ಇದೆ, ಅದನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಎಡಕ್ಕೆ ವಾಲಿರುತ್ತದೆ. ಎರಡು ಅರ್ಧಗಳನ್ನು ಸೇರಿಸುವ ನರತಂತುಗಳ ಕಟ್ಟನ್ನು ಕತ್ತರಿಸಿದ್ದ ರೋಗಿಗಳನ್ನು ಪರೀಕ್ಷಿಸಿ, ಪ್ರತಿ ಅರ್ಧದ ಕೆಲಸವನ್ನು ತೋರಿಸಿದ್ದಕ್ಕೆ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಆದರೆ ನಮ್ಮ ತಲೆಯಲ್ಲಿ ಆ ಕಟ್ಟು ಗಟ್ಟಿಯಾಗಿಯೇ ಇದೆ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದರು. ಕೆಲವರ ಎಡ ಮೆದುಳೇ ಬಲಶಾಲಿ, ಕೆಲವರ ಬಲ ಮೆದುಳೇ ಬಲಶಾಲಿ ಎಂಬಂಥದ್ದೇನೂ ಸಿಗಲಿಲ್ಲ.

ನಿಜವಾಗಿ ಕಷ್ಟವಾಗುವುದು ‘ನನ್ನ ಕಲಿಕೆಯ ಶೈಲಿ’ ಬಂದಾಗ. ಇಲ್ಲಿ ಮುಖಗಳು ಬಾಡುತ್ತವೆ. ಅದು ಅವರಿಗೆ ತಮ್ಮದೇ ಗುರುತು, ಕಡಿಮೆ ಅಂಕ ಬಂದಾಗ ಸಮಾಧಾನ ಕೊಟ್ಟ ವಿವರಣೆ. ಅದನ್ನು ಕಿತ್ತುಕೊಂಡು ಬರಿಗೈಯಲ್ಲಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ನೋಡಿ ಕಲಿಯುವುದು ಇಷ್ಟ ಎಂಬುದು ನಿಜವೇ. ಆದರೆ ಇಷ್ಟಕ್ಕೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಅಂತ 2008ರಲ್ಲಿ ಪ್ಯಾಶ್ಲರ್ ಮತ್ತು ಜೊತೆಗಾರರು ತೋರಿಸಿದರು. ಇದನ್ನು ಹೇಳಿದ ದಿನವೇ ಕೈಗೆ ಬೇರೊಂದು ಕೊಡುತ್ತೇನೆ. ಪಾಠವನ್ನು ಮತ್ತೆ ಮತ್ತೆ ಓದುವುದರ ಬದಲು, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ ಪ್ರಯೋಗದಲ್ಲಿ 5 ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ, ನೆನಪಿನಿಂದ ಬರೆದವರು ಮುಂದೆ ಬಂದರು. ಓದಿದಾಗ ‘ಬಂತು’ ಅನ್ನಿಸುತ್ತದೆ, ಬರೆಯುವಾಗ ‘ಬರ್ತಾ ಇಲ್ಲ’ ಅನ್ನಿಸುತ್ತದೆ. ಆ ಕಷ್ಟವೇ ಕೆಲಸಕ್ಕೆ ಬರುವುದು ಅಂತ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಅರ್ಧಕ್ಕೇ ಬಿಡುತ್ತಾರೆ.

ಪರೀಕ್ಷೆಯಲ್ಲಿ ಈ ನಂಬಿಕೆಗಳ ಮೇಲೆ ಸರಿ-ತಪ್ಪು ಪ್ರಶ್ನೆ ಹಾಕುವುದಿಲ್ಲ. ತರಗತಿಯಲ್ಲಿ ಚರ್ಚೆಯಾಗದ ಒಂದು ಮಾತನ್ನು ಕೊಡುತ್ತೇನೆ. ‘ಈ ಆಟ ಆಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ’ ಅನ್ನುವಂಥದ್ದು. ಇದನ್ನು ನಂಬುವ ಮೊದಲು ಏನೇನು ಕೇಳುತ್ತೀರಿ ಅಂತ ಬರೆಯಬೇಕು. ಆಟ ಆಡದವರ ಗುಂಪು ಇತ್ತೇ, ಹೆಚ್ಚಿದ್ದು ಆ ಆಟದ ಅಂಕ ಮಾತ್ರವೋ ಅಥವಾ ಬೇರೆ ಕೆಲಸಗಳಲ್ಲೂ ನೆನಪು ಸುಧಾರಿಸಿತೋ, ಎಷ್ಟು ದಿನ ಉಳಿಯಿತು. ಈ ಮೂರನ್ನು ಕೇಳಿದವರಿಗೆ ಪೂರ್ತಿ ಅಂಕ ಕೊಡುತ್ತೇನೆ.