ಮದರ್‌ಬೋರ್ಡ್ ಬದಲಿಸುವ ಮುನ್ನ

ಕುಂಬಳೆ, ಬದಿಯಡ್ಕ ಕಡೆಯ ಬಂಧುಗಳೇ, ಮನೆಯಲ್ಲಿ ಜೋಡಿಸಿದ ಕಂಪ್ಯೂಟರ್ ಮಳೆಗಾಲದಲ್ಲಿ ಪದೇ ಪದೇ ರೀಸ್ಟಾರ್ಟ್ ಆದರೆ ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಬೋರ್ಡ್) ಕೆಟ್ಟಿತೆಂದು ತೀರ್ಮಾನಿಸಬೇಡಿ. ನಮ್ಮ ಕರಾವಳಿಯ ತೇವಕ್ಕೆ ಮೆಮೊರಿ ಪಟ್ಟಿಯಾದ ರ‍್ಯಾಮ್‌ನ ಚಿನ್ನದ ಬಣ್ಣದ ಅಂಚು ಮಂಕಾಗುವುದುಂಟು. ಪ್ಲಗ್ ಕಳಚಿ, ಆ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ. ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ ಬಯಾಸ್‌ನಲ್ಲಿ, ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ, ಒಂದೊಂದೇ ರ‍್ಯಾಮ್ ಹಾಕಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಒಂದೇ ದೋಷ ಕಂಡರೂ ನಿರ್ಲಕ್ಷಿಸಬೇಡಿ. ಅದೇ ರ‍್ಯಾಮ್ ಬೇರೆ ಸ್ಲಾಟಿನಲ್ಲಿ ಸರಿಯಿದ್ದರೆ ಆಗ ಬೋರ್ಡಿನ ಮೇಲೆ ಸಂಶಯ ಪಡಿ.

ಗೇಮ್ ಆಡುವಾಗ ಮಾತ್ರ ಆಫ್ ಆಗುತ್ತದೆಯೇ? ನನ್ನ ಮೊದಲ ಸಂಶಯ ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮೇಲೆ. ಗೆಳೆಯರದನ್ನು ತಂದು ಜೋಡಿಸಿ ನೋಡಿ. ಹಳೆಯ ಬೋರ್ಡಾದರೆ ಅದರ ಮೇಲಿನ ಚಿಕ್ಕ ಡಬ್ಬಿಯಂಥ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದೂ ಗಮನಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.